ಮೊದಲು ಬೋಂಝೂರ್, ಆಮೇಲೆ ಕಷ್ಟಸುಖ

ಫ್ರಾನ್ಸ್‌ನ ಲಿಯೋನ್‌ಗೆ ಓದಲು ಬಂದ ಮೊದಲ ವಾರ. ಮೆಟ್ರೋ ಪಾಸ್ ಮಾಡಿಸಬೇಕಿತ್ತು. ಕೌಂಟರ್ ಮುಂದೆ ನಿಂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ‘ಜ ವ ಯುನ್ ಕಾರ್ತ್, ಸಿಲ್ ವೂ ಪ್ಲೇ.’ ನನಗೆ ಒಂದು ಕಾರ್ಡ್ ಬೇಕು, ದಯವಿಟ್ಟು ಅಂತ. ಒಳಗಿದ್ದ ಹೆಂಗಸು ನನ್ನ ಮುಖ ನೋಡಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: ‘ಬೋಂ... ಝೂರ್.’ ನಾನೂ ತಿರುಗಿ ಹೇಳುವ ತನಕ ಕೆಲಸ ಮುಂದೆ ಹೋಗಲಿಲ್ಲ.

ಎಷ್ಟು ಜಂಬ ಅಂದುಕೊಂಡೆ. ದಯವಿಟ್ಟು ಅಂತ ಸೇರಿಸಿದ್ದೆನಲ್ಲ!

ತಪ್ಪು ನನ್ನದೇ, ಅದೂ ಎರಡು. ಬೋಂಝೂರ್ ಅಂದರೆ ನಮಸ್ಕಾರ. ಇಲ್ಲಿ ಅದನ್ನು ಅನ್ನದೆ ಮಾತು ಶುರು ಮಾಡಿದರೆ, ಚಪ್ಪಲಿ ಬಿಡದೆ ಯಾರದೋ ಅಡುಗೆಮನೆಗೆ ನುಗ್ಗಿದ ಹಾಗೆ. ಬಸ್ ಡ್ರೈವರ್, ಬೇಕರಿ, ಡಾಕ್ಟರ ವೇಟಿಂಗ್ ರೂಮ್, ಎಲ್ಲಾ ಕಡೆ ಬೇಕು. ಸಂಜೆಯಾದರೆ ಬೋಂಸ್ವಾರ್. ಇನ್ನೊಂದು ತಪ್ಪು, ‘ಜ ವ’. ಅದು ‘ನನಗೆ ಬೇಕು’ ಅಂತ ಹಟ ಹಿಡಿದ ಹಾಗೆ ಕೇಳುತ್ತದೆ. ‘ಜ ವೂದ್ರೆ’ ಅನ್ನಬೇಕು. ನಾವು ಅಂಗಡಿಯಲ್ಲಿ ‘ಒಂದು ಪೆನ್ ಬೇಕಿತ್ತು’ ಅಂತೀವಲ್ವಾ, ಅದೇ ಧಾಟಿ.

ಈಗ ದಾರಿಯಲ್ಲಿ ಯಾರನ್ನಾದರೂ ಕೇಳುವುದಿದ್ದರೆ ಹೀಗೆ: ‘ಬೋಂಝೂರ್, ಎಕ್ಸ್‌ಕ್ಯೂಜೆ ಮ್ವಾ ದ ವೂ ದೆರಾಂಝೆ. ಎಸ್ ಕ ವೂ ಪೂರಿಯೆ ಮೆದೆ?’ ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ, ಸ್ವಲ್ಪ ಸಹಾಯ ಮಾಡ್ತೀರಾ ಅಂತ. ‘ಪೂರಿಯೆ’ ಬದಲು ‘ಪೂವೆ’ ಅಂದರೂ ತಪ್ಪಲ್ಲ, ಆದರೆ ಪೂರಿಯೆ ಮೆತ್ತಗಿದೆ.

ನಾನು ಎಡವಿದ್ದು ಕೊನೆಯ ಪದದಲ್ಲಿ. ‘ಎದೆ’ ಅಂದರೆ ಸಹಾಯ ಮಾಡುವುದು, ‘ಮ್ವಾ’ ಅಂದರೆ ನಾನು. ಇಂಗ್ಲಿಷಿನ ಲೆಕ್ಕದಲ್ಲಿ ‘ಪೂರಿಯೆ ಎದೆ ಮ್ವಾ’ ಅಂತಿದ್ದೆ. ಆದರೆ ಫ್ರೆಂಚ್‌ನಲ್ಲಿ ‘ನನಗೆ’ ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ, ಕನ್ನಡದ ಹಾಗೇ. ಎರಡೂ ಅಂಟಿಕೊಂಡು ‘ಮೆದೆ’. ಹುಲ್ಲಿನ ಮೆದೆ ನೆನಪಿಟ್ಟುಕೊಳ್ಳಿ, ಉಚ್ಚಾರ ಹೆಚ್ಚುಕಡಿಮೆ ಸರಿ ಬರುತ್ತದೆ. ಡಿಕ್ಷನರಿ ನೋಡಿ ‘ಓ ಸ್ಕೂರ್’ ಅಂದುಬಿಟ್ಟೀರಿ, ಅದು ನೀರಿಗೆ ಬಿದ್ದವರು ಕೂಗುವುದು.

ವೂ, ತ್ಯು ನಮಗೆ ಕಷ್ಟವಲ್ಲ. ನೀವು, ನೀನು, ಅಷ್ಟೇ. ಆದರೂ ಕ್ಲಾಸಿನವರಿಗೆ ನಾನು ವೂ ಅಂದರೆ ನಗುತ್ತಿದ್ದರು. ವಿದ್ಯಾರ್ಥಿಗಳ ನಡುವೆ ಮೊದಲ ದಿನವೇ ತ್ಯು. ‘ತ್ಯು ಪ ಮೆದೆ?’ ಸಾಕು.

ನನಗೆ ತುಂಬಾ ಇಷ್ಟವಾದದ್ದು ‘ಪತೀತ್’. ಚಿಕ್ಕದು ಅಂತ ಅರ್ಥ. ‘ಝೆ ಯುನ್ ಪತೀತ್ ಕೆಸ್ತ್ಯೋಂ’, ಒಂದು ಚಿಕ್ಕ ಪ್ರಶ್ನೆ ಇತ್ತು. ಪ್ರಶ್ನೆ ಚಿಕ್ಕದಾಗಿರಬೇಕು ಅಂತೇನಿಲ್ಲ. ವೀಸಾ ಕಾಗದಗಳ ಬಗ್ಗೆ ಅರ್ಧ ಗಂಟೆ ತಲೆ ತಿಂದಾಗಲೂ ನಾನು ಹಾಗೇ ಶುರು ಮಾಡಿದ್ದು. ನಮ್ಮ ‘ಸ್ವಲ್ಪ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಮುಂದಿನ ತಿಂಗಳು ಅದೇ ಕೌಂಟರ್, ಅದೇ ಹೆಂಗಸು. ಬೋಂಝೂರ್‌ನಿಂದ ಮೆದೆ ತನಕ ಒಂದೇ ಉಸಿರಲ್ಲಿ, ಒಂದೂ ತಪ್ಪಿಲ್ಲದೆ ಹೇಳಿದೆ. ಅವರು ಖುಷಿಯಿಂದ ನಕ್ಕು ಉತ್ತರ ಕೊಟ್ಟರು. ಎಷ್ಟು ಸ್ಪೀಡಾಗಿ ಅಂದರೆ ಒಂದಕ್ಷರ ತಲೆಗೆ ಹೋಗಲಿಲ್ಲ. ‘ವೂ ಪೂರಿಯೆ ಪಾರ್ಲೆ ಪ್ಲ್ಯು ಲಾಂತ್‌ಮಾಂ?’ ಸ್ವಲ್ಪ ನಿಧಾನವಾಗಿ ಹೇಳ್ತೀರಾ ಅಂತ. ಅವತ್ತು ರಾತ್ರಿ ಕೂತು ಬಾಯಿಪಾಠ ಮಾಡಿದ್ದು ಅದನ್ನು.