ಕೊಡಚಾದ್ರಿಗೆ ಎರಡು ಸಲ ಹೋದೆ, ಒಂದು ಸಲ ನೋಡಿದೆ

ನಾನು ಶಿವಮೊಗ್ಗದವನು. ಅಜ್ಜನ ಮನೆ ತೀರ್ಥಹಳ್ಳಿ ಹತ್ತಿರ. ಹಾಗಾಗಿ ದುಡ್ಡು ಕೊಟ್ಟು, ಗೈಡ್ ಹಿಂದೆ ಕಾಡು ಸುತ್ತೋದು ಬೆಂಗಳೂರಿನವರ ಶೋಕಿ ಅಂತಲೇ ಅಂದುಕೊಂಡಿದ್ದೆ. ನಲವತ್ತೆಂಟನೇ ವಯಸ್ಸಿಗೆ ಡಾಕ್ಟರು "ದಿನಾ ನಡೀರಿ" ಅಂದರು. ಆರು ತಿಂಗಳು ಬಡಾವಣೆಯ ರಸ್ತೆ ಸುತ್ತಿ ಬೇಜಾರು ಬಂದಿತ್ತು. ಒಂದು ಚಾರಣಕ್ಕೆ ಹೆಸರು ಕೊಟ್ಟೆ. "ಅಜ್ಜನ ಮನೆ ಹಿತ್ತಿಲು ದಾಟಿದ್ರೆ ಕಾಡು, ಅದಕ್ಕೂ ಟಿಕೆಟ್ಟಾ?" ಅಂತ ಮನೆಯವಳು ನಕ್ಕಳು.

ಮೊದಲ ಸಲ ಹೋಗಿದ್ದು ಬೆಂಗಳೂರಿನಿಂದ ರಾತ್ರಿ ಹೊರಟು ಬಂದ ಬಸ್ಸಿನಲ್ಲಿ. ಬೆಳಗಿನ ಜಾವ ಶಿವಮೊಗ್ಗದಲ್ಲಿ ಹತ್ತಿಸಿಕೊಂಡರು. ಒಟ್ಟು ನಲವತ್ತೆರಡು ಜನ. ಗೈಡ್ ಅಂತ ಬಂದಿದ್ದು ಇಬ್ಬರು ಹುಡುಗರು, ಒಬ್ಬ ಮುಂದೆ, ಒಬ್ಬ ಹಿಂದೆ. ಪಾಪ, ಅವರ ಕೆಲಸವೇ ತಲೆ ಎಣಿಸೋದು. ಒಬ್ಬರ ಬ್ಯಾಗಿನಲ್ಲಿ ಸ್ಪೀಕರ್ ಬೇರೆ. ಹಿಡ್ಲುಮನೆ ಜಲಪಾತದ ಬಂಡೆ ಹತ್ತುವಾಗ ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತೆವು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಇಡೀ ದಿನ ನಾನು ಕಂಡ ವನ್ಯಜೀವಿ ಅಂದರೆ ಮುಂದಿನವರ ಶೂ ಮೇಲಿದ್ದ ಉಂಬಳ, ಅಂದರೆ ಕಾಡಿನ ಜಿಗಣೆ. ಮೇಲೆ ಸರ್ವಜ್ಞ ಪೀಠದ ಮುಂದೆ ಫೋಟೋ ತೆಗೆಸಿಕೊಂಡು, ಜೀಪಿನಲ್ಲಿ ಕುಲುಕಾಡಿಕೊಂಡು ಇಳಿದೆ. ಆ ಜೀಪಿನ ರಸ್ತೆ ಬಗ್ಗೆ ಬರೆಯದೇ ಇರೋದು ಒಳ್ಳೇದು, ನನ್ನ ಸೊಂಟಕ್ಕೆ ಗೊತ್ತು.

ಅಲ್ಲಿಗೆ ಬಿಡುತ್ತಿದ್ದೆನೋ ಏನೋ. ನಿಟ್ಟೂರು ಕಡೆಯ ಗೆಳೆಯನೊಬ್ಬ, "ನೀನು ಕೊಡಚಾದ್ರಿಗೆ ಹೋಗಿಲ್ಲ ಮಾರಾಯ, ಜಾತ್ರೆಗೆ ಹೋಗಿದೀಯ" ಅಂದ. ಅವನ ಊರಿನ ಪಕ್ಕದ ಹೋಂಸ್ಟೇ ನಂಬರ್ ಕೊಟ್ಟ.

ಈ ಸಲ ದುಡ್ಡು ಹಾಕೋ ಮೊದಲು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಜನ? ಗೈಡ್ ಯಾವ ಊರಿನವರು? ಅರಣ್ಯ ಇಲಾಖೆಯ ಟಿಕೆಟ್ ಯಾರು ತೆಗೆಸ್ತಾರೆ? ಊಟ, ರೂಮು, ಬಿಸಿನೀರು ಎಲ್ಲಾ ಆಮೇಲೆ. ಆರು ಜನ, ಗೈಡ್ ಇಲ್ಲೇ ಪಕ್ಕದ ಹಳ್ಳಿಯವರು, ಟಿಕೆಟ್ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲೇ ತೆಗೀತೀವಿ, ಆಧಾರ್ ತನ್ನಿ ಅಂದರು. ಮೊದಲ ಸಲಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಖರ್ಚು. ಗೊಣಗಿಕೊಂಡೇ ಕೊಟ್ಟೆ.

ದಸರಾ ಮುಗಿದ ಮರುವಾರ ಹೋಗಿದ್ದು. ಹೊಸನಗರ, ಆಮೇಲೆ ನಗರ ಅನ್ನೋ ಊರು ದಾಟಿ ಹೋಗುವಾಗ ಇನ್ನೂ ಒಂದೊಂದು ಮಳೆ. ಗೈಡ್‌ಗೆ ಐವತ್ತು ದಾಟಿದೆ. ಊರವರೆಲ್ಲ ಅಣ್ಣಯ್ಯ ಅಂತಾರೆ, ನಾವೂ ಹಾಗೇ ಕರೆದೆವು. ಕಾಲಿಗೆ ಹವಾಯಿ ಚಪ್ಪಲಿ. ನನ್ನ ಹೊಸ ಶೂ ನೋಡಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕರು.

ಬೆಳಿಗ್ಗೆ ಹೊರಟರೆ ಕಾಡಿಗೆ ಹೋಗಲೇ ಇಲ್ಲ. ಹೋಂಸ್ಟೇ ಅಡಿಕೆ ತೋಟದಲ್ಲೇ ನಿಂತರು. ಬಿಸಿಲು ಬರಲಿ ಅಂದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನನಗೆ ಒಳಗೊಳಗೇ ಕಿರಿಕಿರಿ. ಆಮೇಲೆ ಒಂದು ಅಡಿಕೆ ಮರ ತೋರಿಸಿ "ಅಲ್ಲಿ ಹಳದಿ ಅಲ್ಲಾಡ್ತದಲ್ಲ, ಅದು" ಅಂದರು. ನನಗೆ ತೊಗಟೆ ಬಿಟ್ಟು ಏನೂ ಕಾಣಲಿಲ್ಲ. ಕಾಣುವಷ್ಟರಲ್ಲಿ ತೊಗಟೆಯ ಒಂದು ಚೂರು ಎದ್ದು, ಗಂಟಲ ಕೆಳಗಿನ ಹಳದಿ ಚರ್ಮವನ್ನು ಬೀಸಣಿಗೆ ಹಾಗೆ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿತು. ಹಾರುವ ಓತಿ! ಗಂಡು ಓತಿ ಹೆಣ್ಣನ್ನು ಕರೆಯೋದು, ಇನ್ನೊಂದು ಗಂಡನ್ನು ಗದರಿಸೋದು ಹೀಗೆ. ಇರುವೆ ತಿನ್ನುತ್ತಾ ಮರ ಏರಿತು. ತುದಿಗೆ ಹೋಗಿ ಹಾರಿಯೇ ಬಿಟ್ಟಿತು. ರೆಕ್ಕೆ ಬಡಿಯಲಿಲ್ಲ. ಉದ್ದ ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಚಿಕೊಂಡು, ಕಾಗದದ ವಿಮಾನದ ಹಾಗೆ ಜಾರಿ, ನಾಲ್ಕು ಮರ ಆಚೆ ಅಂಟಿಕೊಂಡಿತು. ಕೂತ ಕ್ಷಣ ಮತ್ತೆ ತೊಗಟೆ.

ಅಜ್ಜನ ತೋಟದಲ್ಲೂ ಇದ್ದಿರಬೇಕು. ಹದಿನೈದು ಬೇಸಿಗೆ ರಜೆ ಅಲ್ಲೇ ಕಳೆದಿದ್ದೆ, ಒಂದೂ ಕಂಡಿರಲಿಲ್ಲ.

ಉಂಬಳಕ್ಕೆ ನಾನು ಒಂದು ಪ್ಯಾಕೆಟ್ ಉಪ್ಪು ಕಟ್ಟಿಕೊಂಡು ಹೋಗಿದ್ದೆ. ಅಣ್ಣಯ್ಯ ಅದನ್ನು ಬ್ಯಾಗಿಗೇ ವಾಪಸ್ ಹಾಕಿಸಿದರು. ಅವರದು ಕೊಬ್ಬರಿ ಎಣ್ಣೆಯಲ್ಲಿ ಕಲೆಸಿದ ಹೊಗೆಸೊಪ್ಪಿನ ಪುಡಿ. ಮೊಣಕಾಲವರೆಗೆ ಬಳಿದುಕೊಂಡು ಹೊರಟೆವು. ಆದರೂ ಎರಡು ಹತ್ತಿದವು. ಕಚ್ಚಿದ್ದು ಗೊತ್ತೇ ಆಗೋದಿಲ್ಲ, ಬಿಟ್ಟ ಮೇಲೆ ರಕ್ತ ನಿಲ್ಲೋದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಹಿರುಡಿನ್ ಥರದ ಅಂಶ ಅದರ ಎಂಜಲಲ್ಲಿ ಇರುತ್ತೆ. ಎಳೆದು ಕೀಳಬಾರದು, ಬಾಯಿಯ ಪಕ್ಕಕ್ಕೆ ಉಗುರು ಹಾಕಿ ಮೆಲ್ಲಗೆ ಸರಿಸಬೇಕು. ತುರಿಕೆ ಮಾತ್ರ ಒಂದು ವಾರ ಇತ್ತು.

ಕಾಡಿನೊಳಗೆ ಅವರು ನಡೆದದ್ದಕ್ಕಿಂತ ನಿಂತದ್ದೇ ಜಾಸ್ತಿ. ಒಂದು ಕಡೆ ಬಗ್ಗಿ ಒಂದು ಹಣ್ಣು ಎತ್ತಿಕೊಂಡರು. ಅರ್ಧ ತಿಂದು ಬಿಸಾಡಿದ್ದು. ಹಲ್ಲಿನ ಗುರುತು ಇನ್ನೂ ಒದ್ದೆ. "ಈಗಷ್ಟೇ" ಅಂದು ಮೇಲೆ ನೋಡುತ್ತಾ ನಿಂತರು. ನಾವೂ ನಿಂತೆವು. ಮೇಲಿಂದ ಟಪ್ ಅಂತ ಇನ್ನೊಂದು ಸಿಪ್ಪೆ ಬಿತ್ತು. ಆಮೇಲೆ ಎಲೆಗಳ ನಡುವೆ ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಕುಚ್ಚು. ಸಿಂಗಳೀಕ. ಊರಿಗೆ ಬರುವ ಮಂಗ, ಮುಸಿಯ ನೋಡಿದ ಕಣ್ಣಿಗೆ ಇದು ಬೇರೆಯೇ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ನೆಲಕ್ಕೆ ಇಳಿಯೋದು ಅಪರೂಪ. ಕೊಂಬೆಗೆ ಕೊಂಬೆ ತಾಗಿದ ಕಾಡು ಬೇಕು ಅದಕ್ಕೆ. ನಡುವೆ ರಸ್ತೆ ಅಗಲ ಮಾಡಿದರೆ ಅಲ್ಲಿಗೆ ಅದರ ದಾರಿ ತುಂಡಾದ ಹಾಗೆ. ಶರಾವತಿ ಕಣಿವೆಯಲ್ಲಿ 2019ರಲ್ಲಿ ಇದರ ಹೆಸರಲ್ಲೇ ಅಭಯಾರಣ್ಯ ಆಗಿದೆ. ನಾವು ಕಂಡದ್ದು ಎರಡೋ ಮೂರೋ ನಿಮಿಷ. ಯಾರೂ ಮೊಬೈಲ್ ತೆಗೆಯಲಿಲ್ಲ. ತೆಗೆದರೂ ಕಪ್ಪು ಚುಕ್ಕೆ ಬರುತ್ತಿತ್ತು ಅಷ್ಟೆ.

ಹಿಡ್ಲುಮನೆಯಲ್ಲಿ ಈ ಸಲ ಸಾಲು ಇರಲಿಲ್ಲ, ನಾವು ಬಂದಿದ್ದು ಬುಧವಾರ. ಮೇಲೆ ಹೋಗುತ್ತಾ ಕಾಡು ಹಿಂದೆ ಸರಿದು ಹುಲ್ಲುಗುಡ್ಡ ಶುರುವಾಯಿತು. ಗಾಳಿಗೆ ಮರೆಯಾದ, ನೀರು ನಿಲ್ಲುವ ಮಡಿಲಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ. ಹುಲ್ಲಿನಲ್ಲಿ ಕಾಟಿಯ (ಕಾಡುಕೋಣದ) ಹೆಜ್ಜೆ ಇತ್ತು, ಕಾಟಿ ಇರಲಿಲ್ಲ. 1343 ಮೀಟರ್ ತುದಿಯಲ್ಲಿ ಪೂರ್ತಿ ಮಂಜು. ಸೂರ್ಯನೂ ಇಲ್ಲ, ಸಮುದ್ರವೂ ಇಲ್ಲ. ಬೇಜಾರಾಗಲಿಲ್ಲ.

ಇಳಿಯುವಾಗ, ಜನವರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಬರ್ತೀನಿ ಅಂದೆ. ಅಣ್ಣಯ್ಯ ತಲೆ ಅಲ್ಲಾಡಿಸಿದರು. "ಮಳೆಗಾಲಕ್ಕೆ ಉಂಬಳ, ಬೇಸಿಗೆಗೆ ಉಣುಗು. ಉಂಬಳ ರಕ್ತ ಕುಡಿದು ಬಿಡ್ತದೆ. ಉಣುಗು ಹಂಗಲ್ಲ ಮಾರಾಯ್ರೆ." ಉಣುಗು ಅಂದರೆ ಉಣ್ಣೆ, ಮಂಗನ ಕಾಯಿಲೆ ಹರಡೋದು ಅದರಿಂದಲೇ. 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆ ನಿಂತು ಒಣಗಿದ ತಿಂಗಳುಗಳಲ್ಲಿ ಜಾಸ್ತಿ. ಆಗ ಕಾಡಿಗೆ ಹೋಗಲೇಬೇಕಾದ ಊರವರು ಉಣುಗು ಹತ್ತದ ಹಾಗೆ ಡೆಪಾ ಅನ್ನೋ ಎಣ್ಣೆ ಹಚ್ಚಿಕೊಂಡು ಹೋಗ್ತಾರೆ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೀತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗೋದಿಲ್ಲ, ಆಸ್ಪತ್ರೆಗೆ ಸುದ್ದಿ ಮುಟ್ಟಿಸ್ತಾರೆ. ಮೊದಲ ಸಲ ನಮ್ಮ ಜೊತೆ ಬಂದ ಹುಡುಗರು ಇದರ ಮಾತೇ ಎತ್ತಿರಲಿಲ್ಲ.

"ಹಾಗಾದ್ರೆ ಮುಂದಿನ ದಸರಾ ರಜೆಗೆ?" ಅಂದೆ.

"ಬನ್ನಿ. ಎಷ್ಟು ಜನ?"

ಬೆರಳು ಮಡಚಿ ಎಣಿಸಿದೆ. ತಂಗಿ ಮನೆಯವರೂ ಸೇರಿ ಒಂಬತ್ತು.

"ಎರಡು ದಿನ ಮಾಡಿ ಬನ್ನಿ. ಒಂದೇ ದಿನ ಒಂಬತ್ತು ಆಗೋದಿಲ್ಲ."