ಥೈರಾಯ್ಡ್, ಪ್ರೊಲ್ಯಾಕ್ಟಿನ್ ಟೆಸ್ಟ್: ರಕ್ತ ಕೊಡುವ ಮುಂಚೆ ಏನು ಮಾಡಬೇಕು?

‘ಹೋದ ಸಲ ಟಿಎಸ್‌ಎಚ್ 3.8 ಇತ್ತು, ಈ ಸಲ 5.2 ಬಂದಿದೆ, ಲ್ಯಾಬೇ ಸರಿ ಇಲ್ಲ’ ಎಂದು ಬೈಯುವವರನ್ನು ತುಂಬಾ ನೋಡಿದ್ದೇನೆ. ಕೇಳಿ ನೋಡಿದರೆ ಹೋದ ಸಲ ಮಧ್ಯಾಹ್ನ ಊಟ ಮುಗಿಸಿ ರಕ್ತ ಕೊಟ್ಟಿರುತ್ತಾರೆ, ಈ ಸಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು, ಅದು ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಎರಡು ರಿಪೋರ್ಟ್ ಹೋಲಿಸಬೇಕೆಂದರೆ ಎರಡೂ ಸಲ ಒಂದೇ ಹೊತ್ತಿಗೆ, ಒಂದೇ ಲ್ಯಾಬಿನಲ್ಲಿ ಕೊಟ್ಟಿರಬೇಕು.

ಹಂತ 1: ಯಾವ ಟೆಸ್ಟ್?

ವೈದ್ಯರು ಬರೆದಷ್ಟೇ ಮಾಡಿಸಿ. ಥೈರಾಯ್ಡ್ ಬಗ್ಗೆ ಅನುಮಾನವಿದ್ದರೆ ಸಾಮಾನ್ಯವಾಗಿ ಮೊದಲು ಟಿಎಸ್‌ಎಚ್, ಅದು ಹೆಚ್ಚುಕಡಿಮೆಯಾದರೆ ಫ್ರೀ ಟಿ4, ಅಂದರೆ ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನಿನ ಅಳತೆ. ಮಗುವಿಗೆ ಹಾಲೂಡಿಸದಿದ್ದರೂ ಮೊಲೆತೊಟ್ಟಿನಿಂದ ಹಾಲಿನಂಥ ದ್ರವ ಬರುತ್ತಿದ್ದರೆ ಗರ್ಭದ ಟೆಸ್ಟ್, ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್, ಜೊತೆಗೆ ಟಿಎಸ್‌ಎಚ್. ಎದೆಗೂ ಥೈರಾಯ್ಡ್‌ಗೂ ಏನು ಸಂಬಂಧ ಅನ್ನಬೇಡಿ. ಥೈರಾಯ್ಡ್ ಕುಂದಿದಾಗ ಅದನ್ನು ಎಬ್ಬಿಸಲು ಮೆದುಳು ಟಿಆರ್‌ಎಚ್ ಎಂಬ ಹಾರ್ಮೋನನ್ನು ಜಾಸ್ತಿ ಕಳಿಸುತ್ತದೆ. ಅದೇ ಹಾರ್ಮೋನು ಪ್ರೊಲ್ಯಾಕ್ಟಿನ್ ಅನ್ನೂ ಏರಿಸುತ್ತದೆ.

ಹಂತ 2: ಬಯೋಟಿನ್ ನಿಲ್ಲಿಸಿ

ಜನ ಎಡವುವುದು ಇಲ್ಲೇ. ಕೂದಲು, ಉಗುರಿಗೆಂದು ನುಂಗುವ ವಿಟಮಿನ್ ಮಾತ್ರೆಯ ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಬಯೋಟಿನ್, ವಿಟಮಿನ್ ಬಿ7, ವಿಟಮಿನ್ ಎಚ್ — ಈ ಮೂರೂ ಒಂದೇ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಈ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುವುದುಂಟು. ಅಂದರೆ ಬೇಕಾದ್ದಕ್ಕಿಂತ ನೂರಾರು ಪಟ್ಟು ಜಾಸ್ತಿ.

ದೇಹಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಆಗುವುದು ಯಂತ್ರಕ್ಕೆ. ಹಾರ್ಮೋನು ಅಳೆಯುವ ಎಷ್ಟೋ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳುವ ಗುಣವನ್ನೇ ನಂಬಿ ಕೆಲಸ ಮಾಡುತ್ತವೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅಂಟುವ ಜಾಗವನ್ನೆಲ್ಲ ಅದೇ ಹಿಡಿದುಬಿಡುತ್ತದೆ. ಆಗ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಫ್ರೀ ಟಿ4 ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ನೋಡಿದವರಿಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎನ್ನಿಸುತ್ತದೆ. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಬಹುದು. ಥೈರಾಯ್ಡ್ ಮಾತ್ರೆ ಬೇಕೇ ಬೇಕಾದವರ ಡೋಸ್ ಸುಮ್ನೆ ಇಳಿದುಬಿಡಬಹುದು. ಪ್ರೊಲ್ಯಾಕ್ಟಿನ್ ಕೂಡ ಹೀಗೇ ಸುಳ್ಳೇ ಕಡಿಮೆ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಕನಿಷ್ಠ ಎರಡು ದಿನ ಬಿಡಿ ಎನ್ನುತ್ತಾರೆ ತಜ್ಞರು. ಮೂರು ದಿನ ಬಿಡಿ ಎನ್ನುವುದು ನನ್ನ ಮಾತು. ಕೂದಲಿಗೆ ಅದರಿಂದ ಏನೂ ಆಗದು. ಕಾಯಿಲೆಗೆಂದೇ ವೈದ್ಯರು ದೊಡ್ಡ ಡೋಸ್ ಕೊಟ್ಟಿದ್ದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಹಂತ 3: ಆ ದಿನ ಬೆಳಿಗ್ಗೆ

ಥೈರಾಯ್ಡ್ ಕುಂದಿದವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಮೊದಲೇ ನುಂಗಿದರೆ ಮುಂದಿನ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ. ಮಾತ್ರೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಮರೆಯುವುದಿಲ್ಲ.

ಪ್ರೊಲ್ಯಾಕ್ಟಿನ್‌ಗೆ ನಿಯಮ ಬೇರೆ. ನಿದ್ದೆಯಲ್ಲಿ ಅದು ಏರಿರುತ್ತದೆ, ಹಾಗಾಗಿ ಎದ್ದು ಎರಡು ಮೂರು ಗಂಟೆ ಕಳೆಯಲಿ. ವ್ಯಾಯಾಮ ಬೇಡ. ಹಿಂದಿನ ದಿನದಿಂದ ಮೊಲೆತೊಟ್ಟು ಹಿಸುಕಿ ‘ಇನ್ನೂ ಬರುತ್ತಿದೆಯಾ’ ಎಂದು ನೋಡಬೇಡಿ, ಅದರಿಂದಲೂ ಏರುತ್ತದೆ. ಲ್ಯಾಬಿಗೆ ಓಡೋಡಿ ಹೋಗಿ ತಕ್ಷಣ ಕೈ ಚಾಚಬೇಡಿ. ಅರ್ಧ ಗಂಟೆ ಸುಮ್ಮನೆ ಕೂತಿರಿ. ವಾಂತಿಗೆ ಕೊಡುವ ಡೊಂಪೆರಿಡೋನ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಇದನ್ನು ಏರಿಸುತ್ತವೆ. ಮಾತ್ರೆಗಳ ಹೆಸರು ಚೀಟಿಯಲ್ಲಿ ಬರೆದು ಕೊಡಿ, ನೀವಾಗಿ ನಿಲ್ಲಿಸಬೇಡಿ.

ಹಂತ 4: ರಕ್ತ ಕೊಡಿ. ಒಂದು ನಿಮಿಷದ ಕೆಲಸ.

ಹಂತ 5: ರಿಪೋರ್ಟ್ ಓದುವಾಗ

ಸಂಖ್ಯೆಗಿಂತ ಮೊದಲು ಅದರ ಪಕ್ಕದ ಅಳತೆ ನೋಡಿ. ಒಂದೇ ಪ್ರೊಲ್ಯಾಕ್ಟಿನ್ ಒಂದು ಲ್ಯಾಬಿನಲ್ಲಿ 25, ಇನ್ನೊಂದರಲ್ಲಿ ಸುಮಾರು 530 ಎಂದು ಬರಬಹುದು. ಮೊದಲಿನದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಯೂನಿಟ್ ಲೆಕ್ಕ. ಪ್ರೊಲ್ಯಾಕ್ಟಿನ್ ಜಾಸ್ತಿ ಬಂದು ಯಾವ ಲಕ್ಷಣವೂ ಇಲ್ಲದಿದ್ದರೆ ಮ್ಯಾಕ್ರೋಪ್ರೊಲ್ಯಾಕ್ಟಿನ್ (ದೇಹದಲ್ಲಿ ಹೆಚ್ಚು ಕೆಲಸ ಮಾಡದ, ದೊಡ್ಡ ಗಾತ್ರದ ಪ್ರೊಲ್ಯಾಕ್ಟಿನ್) ನೋಡಿಸಬೇಕಾ ಎಂದು ವೈದ್ಯರನ್ನು ಕೇಳಿ. ಥೈರಾಕ್ಸಿನ್ ಡೋಸ್ ಬದಲಾದರೆ ಆರರಿಂದ ಎಂಟು ವಾರ ಬಿಟ್ಟೇ ಮತ್ತೆ ಟಿಎಸ್‌ಎಚ್ ಮಾಡಿಸಿ. ಎರಡೇ ವಾರಕ್ಕೆ ಮಾಡಿಸುವುದು ದಂಡ.

ಸ್ತನದಲ್ಲಿ ಗಂಟಿದ್ದರೆ

ಈ ಯಾವ ರಕ್ತ ಪರೀಕ್ಷೆಯನ್ನೂ ಕಾಯುತ್ತಾ ಕೂರಬೇಡಿ. ‘ಫುಲ್ ಬಾಡಿ’ ಪ್ಯಾಕೇಜುಗಳಲ್ಲಿ ಸಿಎ 15-3 ಎಂಬ ರಕ್ತ ಪರೀಕ್ಷೆ ಸೇರಿಸಿ ಕ್ಯಾನ್ಸರ್ ತಪಾಸಣೆ ಎಂದು ಮಾರುತ್ತಾರೆ. ಕೊಳ್ಳಲೇಬೇಡಿ. ಶುರುವಿನ ಕ್ಯಾನ್ಸರ್‌ನಲ್ಲಿ ಅದು ಬಹಳ ಸಲ ಏರುವುದೇ ಇಲ್ಲ, ಕ್ಯಾನ್ಸರ್ ಇಲ್ಲದವರಲ್ಲೂ ಏರಬಹುದು. ಗಂಟಿಗೆ ಬೇಕಾದ್ದು ವೈದ್ಯರ ಕೈ ಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಅಗತ್ಯವಿದ್ದರೆ ಬಯಾಪ್ಸಿ. ತೊಟ್ಟಿನಿಂದ ರಕ್ತ ಅಥವಾ ಒಂದೇ ಕಡೆಯಿಂದ ತಾನಾಗಿ ನೀರಿನಂಥ ದ್ರವ ಬಂದರೂ ಅಷ್ಟೇ.

ಕ್ಯಾನ್ಸರ್ ಎಂದಾದರೆ ಇಆರ್ (ಈಸ್ಟ್ರೋಜನ್ ಗ್ರಾಹಕ), ಪಿಆರ್ (ಪ್ರೊಜೆಸ್ಟೆರಾನ್ ಗ್ರಾಹಕ), ಹರ್2 ಎಂಬ ಪ್ರೋಟೀನು ಗಡ್ಡೆಯಲ್ಲಿವೆಯೇ ಎಂದು ನೋಡುವ ಟೆಸ್ಟ್‌ಗಳು ಬರುತ್ತವೆ. ಅವುಗಳನ್ನು ಮಾಡುವುದು ರಕ್ತದಲ್ಲಲ್ಲ, ಬಯಾಪ್ಸಿಯಲ್ಲಿ ತೆಗೆದ ತುಣುಕಿನಲ್ಲಿ. ಇಆರ್ ಪಾಸಿಟಿವ್ ಎಂದಷ್ಟೇ ಬರೆದಿದ್ದರೆ ಶೇಕಡಾ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಹರ್2 ಮುಂದೆ 2+ ಎಂದಿದ್ದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಹರ್2 ಜೀನ್ ಎಷ್ಟಿದೆ ಎಂದು ಎಣಿಸುವ ಫಿಶ್‌ನಂಥ ಇನ್ನೊಂದು ಟೆಸ್ಟ್ ಆಗಲೇಬೇಕು. ಅದಕ್ಕೆ ಅದೇ ತುಣುಕಿನ ಮೇಣದ ಬ್ಲಾಕ್ ಬೇಕಾಗುತ್ತದೆ. ಬ್ಲಾಕ್ ಯಾವ ಲ್ಯಾಬಿನಲ್ಲಿದೆ, ಅದರ ನಂಬರ್ ಏನು ಎಂಬುದನ್ನು ಬರೆದಿಟ್ಟುಕೊಳ್ಳಿ.