ಮಾತ್ರೆ ‘ಸ್ಟಾಕ್ ಇಲ್ಲ’ ಅಂದರೆ ಮುಂದೇನು ಮಾಡಬೇಕು?

ಹೋದ ವರ್ಷ ಆಷಾಢದಲ್ಲಿ ಒಂದು ದಿನ ಅಮ್ಮ ಕತ್ತರಿ ಹಿಡಿದು ಕೂತಿದ್ದಳು. ಬಿಪಿ ಮಾತ್ರೆ ಉಳಿದಿದ್ದು ಆರೇ ಆರು. ಒಂದೊಂದನ್ನೂ ಎರಡು ಹೋಳು ಮಾಡಿದರೆ ಹನ್ನೆರಡು ದಿನ ಬರುತ್ತದೆ ಅನ್ನೋದು ಅವಳ ಲೆಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಅಂದಿದ್ದರು. ಹೊರಗಡೆ ಅಂದರೆ ನಮಗೆ ಇಪ್ಪತ್ತು ಕಿಲೋಮೀಟರ್. ಆ ಮಳೆಗೆ ಬಸ್ಸೂ ಬಂದಿರಲಿಲ್ಲ.

ಬಿಪಿ, ಶುಗರ್, ಥೈರಾಯ್ಡ್, ಮೂರ್ಛೆ ಅಂತ ದಿನಾ ಮಾತ್ರೆ ನುಂಗುವವರಿಗೆ ಮಲೆನಾಡಿನಲ್ಲಿ ಇದೇನೂ ಹೊಸದಲ್ಲ. ಗೊಣಗಿ ಸುಮ್ಮನಾಗುತ್ತೇವೆ. ಆ ಗೊಣಗಾಟವನ್ನೇ ಕಾಗದಕ್ಕೆ ಇಳಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಬೇಕಾಗುವುದು ಗೋಡೆ ಕ್ಯಾಲೆಂಡರ್. ಸೊಸೈಟಿಯವರು ಕೊಟ್ಟದ್ದೇ ಸಾಕು. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆಯಿರಿ. ಯಾವತ್ತು ಹೋದಿರಿ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, 30 ಕೇಳಿದರೆ ಎಷ್ಟು ಕೊಟ್ಟರು, ಹೊರಗೆ ಎಷ್ಟು ದುಡ್ಡಾಯಿತು. ಬಸ್ ಚಾರ್ಜು, ತಪ್ಪಿದ ಕೂಲಿ ಕೂಡ ಇರಲಿ. ‘ಯಾವಾಗ್ಲೂ ಇರಲ್ಲ ಸಾರ್’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಜೂನ್ 12, ಜುಲೈ 3, ಜುಲೈ 19, ಮೂರು ಸಲವೂ ಬಿಪಿ ಮಾತ್ರೆ ಅಮ್ಲೋಡಿಪಿನ್ ಇರಲಿಲ್ಲ’ ಅನ್ನಿ, ಎದುರಿಗೆ ಕೂತವರು ಪೆನ್ನು ಹುಡುಕುತ್ತಾರೆ. (ಅಲ್ಲಿವರೆಗೆ ಮಾತ್ರೆ ಬಿಡಬೇಡಿ, ಅಮ್ಮನ ಹಾಗೆ ಹೋಳು ಮಾಡಲೂಬೇಡಿ. ಬದಲಿಗೆ ಏನು ತಗೊಳ್ಳಬಹುದು ಅಂತ ಡಾಕ್ಟರನ್ನೇ ಕೇಳಿ.)

ಆಮೇಲೆ ಜನ. ಯಾರ ಮನೆಯಲ್ಲಿ ಯಾವ ಮಾತ್ರೆ ನಡೀತಿದೆ ಅಂತ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಆದರೆ ಪಟ್ಟಿ ಕೊಡಿ ಅಂತ ಅವರನ್ನು ಪೀಡಿಸಬೇಡಿ. ನೀವೇ ನಾಲ್ಕು ಮನೆ ಹತ್ತಿ ಇಳಿದು, ಒಪ್ಪಿದವರ ಲೆಕ್ಕ ಮಾತ್ರ ತನ್ನಿ. ಅರ್ಜಿಯಲ್ಲಿ ‘ಬಿಪಿ 14 ಜನ, ಶುಗರ್ 9 ಜನ’ ಅಂತ ಎಣಿಕೆ ಬಂದರೆ ಸಾಕು, ಯಾರಿಗೆ ಏನು ಕಾಯಿಲೆ ಅಂತ ಬೇಡ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಥೈರಾಯ್ಡ್ ಅಂತ ಗ್ರಾಮಸಭೆಯಲ್ಲಿ ಮೈಕಿನಲ್ಲಿ ಓದಿದರೆ ಆಮೇಲೆ ಒಬ್ಬರೂ ನಿಮ್ಮ ಜೊತೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ಮಾತ್ರೆ ಎಲ್ಲಿ ನಿಂತಿತು? ಪ್ರಾಥಮಿಕ ಆರೋಗ್ಯ ಕೇಂದ್ರದವರು ಬೇಡಿಕೆ ಕಳಿಸಬೇಕು, ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಉಗ್ರಾಣದಿಂದ ಔಷಧ ಬರಬೇಕು. ಬೇಡಿಕೆಯನ್ನೇ ಕಳಿಸದಿದ್ದರೆ ತಪ್ಪು ಊರಿನಲ್ಲೇ ಇದೆ. ಕಳಿಸಿಯೂ ಬಾರದಿದ್ದರೆ ಮೇಲಿದೆ. ಕೌಂಟರಿನಲ್ಲಿ ಕೂತ ಫಾರ್ಮಸಿಸ್ಟ್ ಮೇಲೆ ರೇಗಿದರೆ ಎರಡರಲ್ಲಿ ಯಾವುದೂ ಸರಿಹೋಗುವುದಿಲ್ಲ. ನಾನು ರೇಗಿ ನೋಡಿದ್ದೇನೆ.

ಇದನ್ನು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ‘ಯಾಕೆ ಕೊಡುತ್ತಿಲ್ಲ?’ ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ: ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಈ ಮಾತ್ರೆಗೆ ಕಳಿಸಿದ ಬೇಡಿಕೆಯ ಪ್ರತಿ, ಬಂದ ಮಾಲಿನ ಪ್ರತಿ, ಸ್ಟಾಕ್ ಪುಸ್ತಕದ ಪುಟ.’ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಉತ್ತರ ಕೈಗೆ ಬಂದ ಮೇಲೆ ಬೇಡಿಕೆ ಬರೆಯಿರಿ. ಒಂದೇ ಒಂದು. ರಸ್ತೆ, ಡಾಕ್ಟರ್, ಆಂಬುಲೆನ್ಸ್ ಎಲ್ಲ ಸೇರಿಸಿದರೆ ಯಾವುದೂ ಆಗುವುದಿಲ್ಲ. ಈ ತಿಂಗಳ ಸ್ಟ್ರಿಪ್ ಕೊಡಿ ಅನ್ನುವುದಕ್ಕಿಂತ ಪದ್ಧತಿ ಬದಲಿಸಿ ಅಂತ ಕೇಳುವುದು ಜಾಣತನ. ನಾವು ಕೇಳಿದ್ದು ಇಷ್ಟೇ: ಕಾಯಿಲೆ ಹತೋಟಿಯಲ್ಲಿದೆ ಅಂತ ಡಾಕ್ಟರ್ ಹೇಳಿದವರಿಗೆ ಮಳೆಗಾಲಕ್ಕೆ ಮುಂಚೆ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಬಯಲಿನಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಅನ್ನುವ ಮಾನದಂಡ ಇದೆ. ಆದರೆ ಅದು ಎಣಿಸುವುದು ತಲೆಗಳನ್ನು. ನಡುವಿನ ಹಳ್ಳ, ಘಾಟಿ, ಹಿನ್ನೀರು ಅದರ ಲೆಕ್ಕಕ್ಕೆ ಬರುವುದಿಲ್ಲ. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆಯುವವರೆಗೆ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿತ್ತು, ಇಲ್ಲ ಊರೆಲ್ಲ ಸುತ್ತಬೇಕಿತ್ತು. ಇದನ್ನೆಲ್ಲ ಬೆಂಗಳೂರಿನಲ್ಲಿ ಕೂತವರಿಗೆ ನಾವೇ ಹೇಳಬೇಕು, ಅಲ್ವಾ?

ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ನಗುತ್ತಲೇ ಅಲ್ಲೇ ನಿಂತಿರಿ. ಸೀಲಿಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಡಿಕೆ ಕೊಯ್ಲಿನ ಹೊತ್ತಿಗೆ ಬಂದರೆ ನಮ್ಮವರು ಯಾರೂ ಹೋಗುವುದಿಲ್ಲ, ಅದೇ ತೊಂದರೆ. ಮನೆಗೊಬ್ಬರಾದರೂ ಹೋಗಿ, ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಪಿಡಿಒ ಬರೆದದ್ದನ್ನು ಓದಿಸಿ ಕೇಳಿ, ಪ್ರತಿ ತೆಗೆದುಕೊಳ್ಳಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಒಂದು ಪ್ರತಿ ಹೋಗಲಿ. ಎಲ್ಲೂ ಅಲುಗಾಡದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಸರ್ಕಾರಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಗೆ ಮುಂಚೆ ಅವರ ಕೈಗೂ ಒಂದು ಪ್ರತಿ ಕೊಡಿ. ಒಂದೇ ಪುಟ ಸಾಕು, ಎರಡನೆಯದನ್ನು ಯಾರೂ ತಿರುಗಿಸುವುದಿಲ್ಲ.

ಇನ್ನೊಂದು ದಾರಿ ಎಲ್ಲರಿಗೂ ಅಲ್ಲ. ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ ಇದ್ದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬರುತ್ತಾರೆ. ಅವರು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಕಾಯ್ದೆಯ ಹೆಸರು ಹೇಳಿಯೇ ಕೇಳಬಹುದು.

ನಮ್ಮ ಅರ್ಜಿಗೆ ಮೂರು ಸಲ ತಿರುಗಿದ್ದಾಯಿತು. ಈ ವರ್ಷ ಮೇ ಕೊನೆಗೆ ಅಮ್ಮನಿಗೆ ಎರಡು ತಿಂಗಳ ಬಿಪಿ ಮಾತ್ರೆ ಒಟ್ಟಿಗೆ ಸಿಕ್ಕಿತು. ಪಕ್ಕದ ಮನೆಯವರ ಶುಗರ್ ಮಾತ್ರೆ ಮಾತ್ರ ಇನ್ನೂ ಹದಿನೈದು ದಿನದ್ದೇ ಕೊಡುತ್ತಿದ್ದಾರೆ. ಅವರೂ ಈಗ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಾರೆ.